ಗರಗಸದ ಆ ಕಡೆಯ ಹಿಡಿ

ಅಣ್ಣನಿಗೆ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಅಮ್ಮನ ಕೆಮ್ಮು ಎದೆಗೆ ಇಳಿದಿದೆ. ಕೋಣೆ ಬೆಚ್ಚಗಿರಲೇಬೇಕು ಎಂದು ಡಾಕ್ಟರು ಹೇಳಿಹೋದರು. ಮನೆಯಲ್ಲಿ ಸೌದೆ ಮುಗಿದಿದೆ, ಚಳಿ ಮುಗಿಯುವವರೆಗೆ ಡಿಪೋದಲ್ಲೂ ಸಿಗುವುದಿಲ್ಲವಂತೆ.

ಅಪ್ಪ ನೆಟ್ಟ ಮರ ಹೋದ ವರ್ಷ ಗಾಳಿಗೆ ಬಿದ್ದದ್ದು ನಿನಗೆ ಗೊತ್ತು. ಕೊಂಬೆಗಳನ್ನೆಲ್ಲ ನಾನೇ ಕಡಿದು ಉರಿಸಿದ್ದಾಯಿತು. ದಿಮ್ಮಿ ಹಿತ್ತಲಲ್ಲಿ ಒಣಗಿ ಬಿದ್ದಿದೆ. ಅದಕ್ಕೆ ಇಬ್ಬರು ಹಿಡಿದು ಕೊಯ್ಯುವ ಅಪ್ಪನ ಗರಗಸವೇ ಆಗಬೇಕು. ಮನೆ ಪಾಲಾದ ದಿನ, ಅದನ್ನೂ ಮುರಿದು ಹಂಚಿ ಎಂದು ನೀನು ಕೂಗಾಡಿದ್ದೆಯಲ್ಲ, ಅದೇ.

ಪಕ್ಕದ ಮನೆಯ ಮೇಷ್ಟ್ರು ಬಂದು ಹಿಡಿದರು, ಸೊಂಟ ಹಿಡಿದುಕೊಂಡು ಹೋದರು. ನಿನ್ನೆ ನನ್ನ ಹೆಂಡತಿ ನಿಂತಳು. ಎಳೆಯುವ ಬದಲು ತಳ್ಳಿದಳು, ಗರಗಸ ಬಾಗಿ ಸಿಕ್ಕಿಕೊಂಡಿತು. "ನಿಮ್ಮಣ್ಣನ ಥರ ನಂಗೆ ಬರಲ್ಲ" ಎಂದು ಅಲ್ಲೇ ಕೂತುಬಿಟ್ಟಳು. ಒಬ್ಬ ಎಳೆಯುವಾಗ ಇನ್ನೊಬ್ಬ ಕೈ ಸಡಿಲ ಬಿಡಬೇಕು ಎಂದು ಅಪ್ಪ ಕಲಿಸಿದ್ದು ನಮ್ಮಿಬ್ಬರಿಗೆ ಮಾತ್ರ.

ಒಂದು ದಿನ ಬಾ. ಮಾತಾಡುವುದು ಬೇಡ. ನನ್ನ ಮುಖ ನೋಡುವುದೂ ಬೇಡ, ಹಿತ್ತಲ ಬಾಗಿಲಿನಿಂದಲೇ ಬಂದು ಹೋಗು. ಸೌದೆಯಲ್ಲಿ ಅರ್ಧ ನಿನ್ನದೇ.

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ, ಇದಕ್ಕೂ ಬರೆಯುವುದಿಲ್ಲ ಎಂದೇ ಅನಿಸುತ್ತದೆ. ಕುರ್ಚಿಗಳೆಲ್ಲ ಒಲೆ ಸೇರಿದವು. "ನನ್ನ ಮಂಚಾನೂ ಒಲೆಗೆ ಹಾಕೋ, ನಾನು ನೆಲದ ಮೇಲೆ ಮಲಗ್ತೀನಿ" ಎಂದು ಇವತ್ತು ಅಮ್ಮನೇ ಹೇಳಿದಳು. ಭಾನುವಾರದವರೆಗೆ ನಿನ್ನ ದಾರಿ ನೋಡುತ್ತೇನೆ.

ಮಂಚ ಕೊಯ್ಯಲು ಒಬ್ಬನೇ ಸಾಕು.

ಇಂತಿ,
ನಿನ್ನ ತಮ್ಮ