ಹಿಂಬದಿಯ ಎಡ ಚಕ್ರ

ನವೆಂಬರ್ ೬, ಗುರುವಾರ

ಇವತ್ತೂ ಕಾರಿನ ಪರದೆಯ ಮೇಲೆ ಅದೇ ಹಳದಿ ಎಚ್ಚರಿಕೆ: ಹಿಂಬದಿಯ ಎಡ ಚಕ್ರದಲ್ಲಿ ಗಾಳಿ ಕಡಿಮೆ. ಹದಿನಾರು ದಿನದಿಂದ ಬೆಳಿಗ್ಗೆ ಎದ್ದು ಪಂಪು ಹಚ್ಚುತ್ತಿದ್ದೇನೆ. ಈ ಎಲೆಕ್ಟ್ರಿಕ್ ಕಾರಿಗೆ ಸ್ಟೆಪ್ನಿ ಬೇರೆ ಇಲ್ಲ, ನಾಳೆಯಿಂದ ಹಿಮವಂತೆ. ದೂರದ ಪಟ್ಟಣ ಡುಲೂತ್‌ವರೆಗೆ ಹೋಗಿ ರಿಪೇರಿ ಮಾಡಿಸುವ ಧೈರ್ಯವಿಲ್ಲ. ನಮ್ಮೂರಲ್ಲಿರುವ ಒಂದೇ ಟೈರ್ ಅಂಗಡಿ ನನ್ನ ತಮ್ಮ ಆರ್ವೊನದು. ನಾನು ಅಪ್ಪನ ದೋಣಿಯನ್ನು ಅವನಿಗೆ ಹೇಳದೆ ಮಾರಿದ ಮೇಲೆ ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

ಕೊನೆಗೆ ಹೋದೆ. ನನ್ನತ್ತ ನೋಡದೆಯೇ ಅವನು ಚಕ್ರ ಬಿಚ್ಚಿ ಸೋಪಿನ ನೀರು ಎರಚಿದ. ಒಂದು ಕಡೆ ಸಣ್ಣ ಗುಳ್ಳೆಗಳು ಎದ್ದವು. ಸ್ಕ್ರೂ ಚುಚ್ಚಿತ್ತು.

"ಎಷ್ಟು ದಿನದಿಂದ?"

"ಹದಿನಾರು."

"ಇಷ್ಟು ದಿನ ಚಳೀಲಿ ಕೂತು ಗಾಳಿ ಹೊಡೆದ್ಯಾ! ನನ್ನ ಮುಖ ನೋಡೋದು ಅಷ್ಟು ಕಷ್ಟ ಆಯ್ತಾ, ಅಕ್ಕಾ?"

"ನೀನು ಬೈದು ಓಡಿಸ್ತೀಯ ಅಂದ್ಕೊಂಡೆ."

"ಬೈತಿದ್ದೆ. ಆಮೇಲೆ ಟೈರ್ ರಿಪೇರಿ ಮಾಡ್ತಿದ್ದೆ."

ಈ ಟೈರುಗಳ ಒಳಗೆ ಸದ್ದು ತಡೆಯಲು ಸ್ಪಂಜು ಅಂಟಿಸಿರುತ್ತಾರೆ. ಅದನ್ನು ಅಂಗೈಯಗಲ ಕೆರೆದು ತೆಗೆದು, ಒಳಗಿನಿಂದ ಪ್ಯಾಚ್ ಹಾಕಿದ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ.

"ದೋಣಿ ಮಾರೋಕೆ ಮುಂಚೆ ನಿನ್ನ ಕೇಳ್ಬೇಕಿತ್ತು. ತಪ್ಪಾಯ್ತು ಕಣೋ."

ಅವನ ಕೈ ನಿಂತಿತು. "ಕೇಳಿದ್ರೂ ಮಾರು ಅಂತಲೇ ಹೇಳ್ತಿದ್ದೆ. ಕೇಳ್ಲಿಲ್ವಲ್ಲ, ಅದೇ," ಎಂದ.

ಆಮೇಲೆ ಫ್ಲಾಸ್ಕಿನ ಕಾಫಿಯನ್ನು ತನ್ನದೇ ಲೋಟಕ್ಕೆ ಬಗ್ಗಿಸಿ ಕೊಟ್ಟ. ಭಾನುವಾರ ಊಟಕ್ಕೆ ಕರೆದಿದ್ದಾನೆ. ಮನಸ್ಸು ಹಗುರಾಗಿದೆ, ಕಣ್ಣು ಎಳೆಯುತ್ತಿದೆ. ಏಲಕ್ಕಿ ಬ್ರೆಡ್ಡು ಮಾಡಿ ಒಯ್ಯಲೇ, ಇಲ್ಲ ಏನು ತರಲಿ ಅಂತ ಅವನನ್ನೇ ಕೇಳಲೇ? ಈ ಸಲ ಕೇಳಿಯೇ ಬಿಡುತ್ತೇನೆ.