ಬೀದಿಯ ಕಡೆಯ ಗೋಡೆ

ಕಂಬಳಿ ಓಣಿ ಸಭೆ, ಗದಗ
ಕ್ರಿಸ್ತಶಕ ೨೧೯೧, ಫೆಬ್ರವರಿ ೩೦

ನಮ್ಮ ಸಭೆಯ ಹಿಂದಿನ ಶತಮಾನದ ಹಿರಿಯರಿಗೆ ಕರುಣವ್ವ ಮಾಡುವ ವಂದನೆಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ತಿದ್ದಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ಹೊಸದಾಗಿ ಕೇಳಿಸಬಹುದು, ಮನ್ನಿಸಿ. ನಾನು ಏಳನೆಯ ತರಗತಿಯವರೆಗೆ ಓದಿದವಳು, ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ.

ನೀವೀಗ ಯಾವ ಪೇಚಿನಲ್ಲಿದ್ದೀರಿ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ವಾರಗಟ್ಟಲೆ ಜಗಳವಾಡಿ ಸಭೆಗೊಂದು ದರ್ಶನವಾಕ್ಯ ಆರಿಸಿದ್ದೀರಿ: ‘ಒಲೆ ಹೊತ್ತದ ಮನೆಗೆ ನಮ್ಮ ಒಲೆಯ ಅನ್ನ.’ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಸಭೆಯ ಯಾವ ಕುಟುಂಬದಲ್ಲಿ ಸಾವಾದರೂ ಉಳಿದವರು ಅನ್ನ ಒಯ್ಯಬೇಕು ಎಂಬುದು ನಿಮ್ಮ ಉದ್ದೇಶ. ಅದನ್ನು ಚರ್ಚಿನ ಒಳಗೋಡೆಗೆ ಬರೆಸಬೇಕಿತ್ತು. ಒಳಗಿನ ಗಿಲಾವು ಇನ್ನೂ ಹಸಿ ಇದ್ದುದರಿಂದ ಪೇಂಟರ್ ಬೀದಿಯ ಕಡೆಯ ಗೋಡೆಗೆ ಆಳೆತ್ತರದ ಅಕ್ಷರಗಳಲ್ಲಿ ಬರೆದುಬಿಟ್ಟಿದ್ದಾನೆ. ಹಿರಿಯರಾದ ತಿಮೊಥೆಯಪ್ಪನವರು ಅಳಿಸಲು ಸುಣ್ಣ ಕಲಸಿಸಿದ್ದಾರೆ.

“ನಮ್ಮ ಮಂದಿಗಂತ ಬರ್ಸಿದ್ದು ಊರಿಗೆಲ್ಲಾ ಜಾಹೀರಾತ ಆತಲ್ಲೋ ತಮ್ಮಾ!”

“ಒಳಗ ಹಸಿ ಐತ್ರೀ ಸಾಹೇಬ್ರ. ಹೊರಗ ಎಷ್ಟ್ ಚಲೋ ಕಾಣ್ತೈತಿ ನೋಡ್ರಿ.”

ಈ ಮಾತುಗಳನ್ನು ನಮ್ಮ ಮಕ್ಕಳು ಪ್ರತಿವರ್ಷ ನಾಟಕವಾಡುತ್ತಾರೆ. ತಿಮೊಥೆಯಪ್ಪನವರೇ, ನಿಮ್ಮ ಪಾತ್ರಕ್ಕೆ ಅರಳೆಯ ಮೀಸೆ ಅಂಟಿಸುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ಸುಣ್ಣದ ಬಕೆಟ್ಟು ಎತ್ತುವ ಮುಂಚೆ ಮುಂದಿನದನ್ನು ಕೇಳಿ. ಎದುರಿಗೆ ಹೂವು ಮಾರುವ ಗಂಗವ್ವನ ತಾಯಿ ತೀರಿಕೊಳ್ಳುತ್ತಾಳೆ. ಗಂಗವ್ವ ನಿಮ್ಮ ಸಭೆಯವಳಲ್ಲ. ಆದರೂ ಗೇಟಿಗೆ ಬಂದು ನಿಲ್ಲುತ್ತಾಳೆ. “ಗ್ವಾಡಿ ಮ್ಯಾಲ ನೀವ ಬರ್ಸೀರಿ. ನಮ್ಮನ್ಯಾಗ ಒಲಿ ಹೊತ್ತಿಲ್ಲ. ಅನ್ನ ಯಾವಾಗ ತರ್ತೀರಿ?” ಎನ್ನುತ್ತಾಳೆ. ನಿಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಅಕ್ಕಿ ಆರಿಸಲು ಕೂರುತ್ತಾರೆ. ನಮ್ಮ ಸಭೆ ಹುಟ್ಟಿದ್ದು ಆ ದಿನ ಎಂದು ನಾವು ಹೇಳಿಕೊಳ್ಳುತ್ತೇವೆ.

ನಮ್ಮ ಕಾಲದ ಬಿಸಿಲು ನಿಮ್ಮದರಂತಲ್ಲ. ಮಧ್ಯಾಹ್ನವೆಲ್ಲ ಬಾಗಿಲು ಮುಚ್ಚಿ ಕತ್ತಲೆಯಲ್ಲಿ ಇರುತ್ತೇವೆ. ಅದಕ್ಕೆ ತಂಪುಗತ್ತಲು ಎಂದು ಹೆಸರು. ಆಗ ಬೀದಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಒಲೆಗಂಟೆ ಕೇಳಿದರೆ ಮಾತ್ರ ಬಾಗಿಲುಗಳು ತೆರೆಯುತ್ತವೆ. ಊರಿನ ಯಾವ ಮನೆಯಲ್ಲಿ ಸಾವಾದರೂ ಚರ್ಚಿನಿಂದ ಬಾರಿಸುವ ಗಂಟೆ ಅದು. ಗಂಟೆ ನಮ್ಮದು, ಒಲೆ ಯಾರದಾದರೂ ಸರಿ. ದರ್ಗಾದ ಓಣಿಯವರು ಅನ್ನ ಬಸಿಯುತ್ತಾರೆ, ಮಠದವರು ರೊಟ್ಟಿ ಬಡಿಯುತ್ತಾರೆ. ನೆರಳುಬಟ್ಟೆ ಹೊದ್ದು, ತಲೆಯ ಮೇಲೆ ಪಾತ್ರೆ ಹೊತ್ತು ಸಾಲಾಗಿ ಹೋಗುವುದನ್ನು ನೀವು ನೋಡಬೇಕಿತ್ತು.

ಹೋದ ಬೇಸಿಗೆಯಲ್ಲಿ ಆ ಗಂಟೆ ನನ್ನ ಮಗಳು ನಿರೀಕ್ಷಾಳಿಗಾಗಿ ಮೊಳಗಿತು. ಬಿಸಿಲುಜ್ವರ, ಬೆಳಿಗ್ಗೆ ಬಂದದ್ದು ಸಂಜೆಗೆ ಅವಳನ್ನು ಒಯ್ದಿತು. ಕಟ್ಟೆಯ ತುಂಬ ಪಾತ್ರೆಗಳು ಬಂದವು. ನಾನು ಉಣ್ಣಲಿಲ್ಲ, ಉಣ್ಣಬಾರದೆಂದೇ ಮನಸ್ಸು ಮಾಡಿದ್ದೆ. ಮೂರನೆಯ ದಿನ ಗುರುತಿಲ್ಲದ ಒಬ್ಬ ಮುದುಕಿ ಎದುರು ಕುಳಿತು ತುತ್ತು ಕಲಸಿದಳು. ಬೀದಿಯಲ್ಲಿ ಹೋಗುತ್ತ ಗೋಡೆ ಓದಿ, ಯಾರ ಮನೆಯೆಂದು ಕೇಳಿಕೊಂಡು ಬಂದವಳಂತೆ. “ಬಾಯಿ ತಗೀ ಯವ್ವಾ, ನನ್ನ ಬಸ್ಸು ತಪ್ಪತೈತಿ,” ಎಂದಳು. ಅಂಥ ದುಃಖದಲ್ಲೂ ನಗು ಬಂತು. ನಕ್ಕಾಗ ಬಾಯಿ ತೆರೆಯಿತು, ಅವಳು ತುತ್ತು ಇಟ್ಟಳು.

ಇಂದು ಬೆಳಿಗ್ಗೆ ಸಭೆ ಕೂಡಿತ್ತು. ಬಿಸಿಲು ತಡೆಯಲು ಹೊರಗೋಡೆಗೆಲ್ಲ ಬಿಳಿಯ ಹಲಗೆ ಹೊದಿಸಬೇಕು, ವಾಕ್ಯವನ್ನು ಒಳಗೆ ಬರೆಸೋಣ, ಅಲ್ಲಿ ಬಣ್ಣ ಉಳಿಯುತ್ತದೆ ಎಂದು ಹೊಸ ಹಿರಿಯರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಸಭೆಯಲ್ಲಿ ನಾನು ಎಂದೂ ಮಾತಾಡಿದವಳಲ್ಲ. ಇಂದು ಎದ್ದು ನಿಂತೆ.

“ಒಳಗ ಬರದ್ರ ಬಣ್ಣ ಉಳೀತದ ಖರೆ. ಮೊದ್ಲ ಒಳಗಿದ್ದಿದ್ರ ನಾ ಉಳೀತಿದ್ದಿಲ್ಲ.”

ಅಷ್ಟು ಹೇಳಿ ಕುಳಿತುಬಿಟ್ಟೆ. ವಾಕ್ಯ ಹೊರಗೇ ಇರಲಿ ಎಂದು ಕೈಗಳು ಎದ್ದವು. ಹೊಸ ಹಿರಿಯರ ಕೈಗಳೂ ಎದ್ದವು.

ಬಿಸಿಲು ಇಳಿದ ಮೇಲೆ ಬಣ್ಣ ಕಲಸಿದೆವು. ಮುಂದೆ ಹಲಗೆ ಹೊದಿಸುವಾಗ ನಡುವೆ ವಾಕ್ಯದಷ್ಟು ಜಾಗ ಬಿಡುತ್ತಾರೆ. ಮೊದಲ ಅಕ್ಷರ ತಿದ್ದಲು ಕುಂಚವನ್ನು ನನ್ನ ಕೈಗೆ ಕೊಟ್ಟರು. ಹಿಂದೆ ಬೀದಿಯ ತುಂಬ ಜನ, ಡೊಳ್ಳು, ಸ್ತೋತ್ರದ ಹಾಡು. ಹಾಡು ಬಾರದವರೂ ಹಾಡಿದರು. ಮಗಳು ಹೋದ ಮೇಲೆ ಮೊದಲ ಸಲ ನಾನೂ ಹಾಡಿದೆ. ನನ್ನ ಕೈಗೆ ಇನ್ನೂ ಬಣ್ಣ ಹತ್ತಿಕೊಂಡಿದೆ. ಈ ಕಾಗದಕ್ಕೂ ತಾಗಿದ್ದರೆ ಒರೆಸಬೇಡಿ.

ನೀವು ಅಳಿಸಲಿಲ್ಲವೆಂದು ನನಗೆ ಗೊತ್ತು. ಆದರೂ ಬಕೆಟ್ಟು ಹಿಡಿದು ನಿಂತವರಿಗೆ ಒಬ್ಬರ ಮಾತಿನ ಆಸರೆ ಬೇಕಾಗುತ್ತದೆ, ಅದಕ್ಕೆ ಬರೆದೆ. ಕಲಸಿದ ಸುಣ್ಣ ದಂಡವಾಗುವುದು ಬೇಡ, ತಿಮೊಥೆಯಪ್ಪನವರೇ. ಹಿತ್ತಲ ಕಡೆಯ ಅಡುಗೆಕೋಣೆಗೆ ಬಳಿಸಿರಿ. ಹೊಗೆಗೆ ಅದು ಬೇಗ ಕಪ್ಪಾಗಲಿದೆ.

ನಿಮ್ಮ ಮಗಳು,
ಕರುಣವ್ವ