ತಿರುವಿನ ಕಲ್ಲು

ಗ್ಯಾರೇಜಿನ ಮೇಲಿನ ಕೋಣೆ
ಗುರುವಾರ, ಮಧ್ಯಾಹ್ನ

ನನ್ನ ಬಂಗಾರದಂಥ ಅಕ್ಕಾ,

ಇಲ್ಲಿಂದಲೇ ನಿನಗೊಂದು ಬಿಗಿಯಾದ ಅಪ್ಪುಗೆ, ಉಸಿರು ಕಟ್ಟುವಷ್ಟು! ಮದುವೆಯಾಗಿ ಎರಡು ತಿಂಗಳಾದರೂ ನಿನ್ನ ಕಟ್ಟಪ್ಪಣೆ ಮರೆತಿಲ್ಲ ನೋಡು: ವಾರಕ್ಕೊಂದು ಪತ್ರ, ಅದೂ ಕನ್ನಡದಲ್ಲೇ, ಫೋನಿನಲ್ಲಿ ಹರಟಿದ್ದು ಲೆಕ್ಕಕ್ಕಿಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಒತ್ತಕ್ಷರ ಕಂಡರೆ ಓಡಿಹೋಗುವ ತಂಗಿಯ ಪತ್ರವನ್ನು ನೀನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸುತ್ತೀಯಲ್ಲ, ಈ ಸಲ ಆ ಪೆನ್ನನ್ನು ಎತ್ತಿಡು. ಒಂದೇ ಒಂದು ತಪ್ಪೂ ಸಿಗುವುದಿಲ್ಲ. ಪಂಥ!

ಮೊದಲು ಸಂತೋಷದ ಸುದ್ದಿ. ನನಗೆ ನನ್ನ ಗಂಡನ ಹುಚ್ಚು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಕೆಳಗಡೆ ಷಟರ್ ಎತ್ತುವ ಸದ್ದಿಗೇ ನನಗೆ ಎಚ್ಚರ. ನಮ್ಮ ದಿಂಬಿಗೂ ಗೇರ್ ಎಣ್ಣೆಯ ವಾಸನೆ ಹತ್ತಿದೆ, ಅಂಗಡಿಯ ಯಾವ ಸೆಂಟೂ ಅದರ ಮುಂದೆ ನಿಲ್ಲುವುದಿಲ್ಲ. ನಮ್ಮ ಸಾಹೇಬರು ಗಮನವಿಟ್ಟು ಕೆಲಸ ಮಾಡುವಾಗ ನಾಲಿಗೆಯ ತುದಿ ಹೊರಗೆ ಹಾಕುತ್ತಾರೆ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಬರೆಯುವಾಗಲೂ ಅಷ್ಟೇ. ಸಾಹೇಬರು ಅಂದರೆ ಅವನಿಗೆ ಸಿಟ್ಟು. ಅದಕ್ಕೇ ಇನ್ನೊಮ್ಮೆ: ಸಾಹೇಬರು, ಸಾಹೇಬರು! ಸಂಜೆ ಕೆಲಸ ಮುಗಿದ ಮೇಲೆ ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬರುತ್ತೇವೆ. ನಾನು ಯಾವಾಗಲೂ ಅವನ ಬಲಗಡೆಗೇ ಇರುತ್ತೇನೆ, ನನ್ನ ಎಡಗೈ ಅವನ ಕೈಯಲ್ಲಿ. ಮರೆತು ಅವನು ಆಚೆ ಬದಿಗೆ ಬಂದರೆ ನಾನು ಸುತ್ತು ಹಾಕಿ ಮತ್ತೆ ಬಲಕ್ಕೇ. ಅವನು ಅದನ್ನು ಪ್ರೀತಿಯ ಹಟ ಅಂದುಕೊಂಡಿದ್ದಾನೆ. ಪ್ರೀತಿ ಇದೆ ಅಕ್ಕಾ, ಬೆಟ್ಟದಷ್ಟಿದೆ. ಆದರೆ ಅದೊಂದೇ ಕಾರಣ ಅಲ್ಲ. ಅಲ್ಲಿಗೂ ಬರುತ್ತೇನೆ.

ಈಗ ಮನೆಯ ಬಿಸಿ ವಿಷಯ. ಭಾನುವಾರ ರೇಸು. ಮಾವ ಜೀವಮಾನವೆಲ್ಲ ಬೇರೆಯವರ ಗಾಡಿಗಳಿಗೆ ಗೇರ್‌ಬಾಕ್ಸ್ ಕಟ್ಟಿಕೊಟ್ಟವರು. ಇದೇ ಮೊದಲು ತಾವೇ ಒಂದು ರೇಸಿನ ಗಾಡಿ ಕಟ್ಟಿದ್ದಾರೆ. ಮುಂದಿನ ಚಕ್ರಗಳೇ ಎಳೆಯುವ ಪುಟ್ಟ ಹಸಿರು ಗಾಡಿ, ನಾನಿಟ್ಟ ಹೆಸರು ಕಪ್ಪೆ. ಮೊದಲು ಓಡಿಸಬೇಕಾಗಿದ್ದವನು ನನ್ನ ಗಂಡ. ಮದುವೆಯ ವಾರದಲ್ಲೇ ನಾನು ತಮಾಷೆಗೆ ಎರಡು ಸುತ್ತು ಹೊಡೆದೆ. ವಾಚ್ ನೋಡಿದ ಮಾವ, ಮಗನ ಕಡೆ ತಿರುಗಿ, ‘ನೀನು ಇಳಿಯಪ್ಪ, ಸೀಟು ಅವಳದು’ ಅಂದುಬಿಟ್ಟರು. ಇವನು ಹಲ್ಲು ಕಿರಿದು ಇಳಿದ. ಬೀದಿಯವರೆಲ್ಲ ನಕ್ಕರು. ‘ನಗ್ರಿ, ಭಾನುವಾರ ಬಂದು ನಗ್ರಿ’ ಅಂತ ಮಾವ ಎಲ್ಲರನ್ನೂ ಕರೆದಿದ್ದಾರೆ. ಅವರ ಮಾನ ನನ್ನ ಕೈಯಲ್ಲಿದೆ ಅಂದರೆ ಅದು ಬರೀ ಮಾತಲ್ಲ ಅಕ್ಕಾ, ನಿಜವಾಗಿಯೂ ಕೈಯಲ್ಲೇ ಇದೆ.

ನಾಳೆ ಬೆಳಿಗ್ಗೆ ರೇಸಿನ ಪರೀಕ್ಷಕರು ಬಂದು ಗೇರ್‌ಬಾಕ್ಸಿಗೆ ಸೀಲ್ ಹಾಕುತ್ತಾರೆ, ಆಮೇಲೆ ಅದನ್ನು ಬಿಚ್ಚುವಂತಿಲ್ಲ. ಅಷ್ಟರೊಳಗೆ ಒಂದು ತೀರ್ಮಾನ ಆಗಬೇಕು. ಅದು ನಿನಗೆ ಅರ್ಥವಾಗಬೇಕಾದರೆ ನಾನು ಸ್ವಲ್ಪ ಮೇಷ್ಟ್ರಾಗಬೇಕು, ತಡೆದುಕೋ.

ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕಾಗಿ ಗೇರ್‌ಬಾಕ್ಸಿನೊಳಗೆ, ಎರಡರ ನಡುವೆ, ಡಿಫರೆನ್ಶಿಯಲ್ ಅಂತ ಗೇರುಗಳ ಒಂದು ಗಂಟು ಇರುತ್ತದೆ. ನೀನು ಮುಂದೆ ನಡಿ, ನೀನು ನಿಧಾನ ಬಾ ಅಂತ ಇಬ್ಬರನ್ನೂ ಸಂಭಾಳಿಸುವುದು ಅದರ ಕೆಲಸ. ಆದರೆ ಅದರದು ಮಹಾ ಮೆತ್ತನೆಯ ಮನಸ್ಸು. ಜೋರಾಗಿ ತಿರುಗಿದಾಗ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬಿದ್ದು ಒಳಗಿನದು ಹಗುರಾಗುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಆ ಹಗುರಾದ ಚಕ್ರವನ್ನು ಸುಮ್ಮನೆ ಗಿರಗಿರ ಸುತ್ತಿಸುವುದರಲ್ಲೇ ಹಾಳು. ದುಡಿಯುವ ಮಗ ಉಪವಾಸ, ಸೋಮಾರಿ ಮಗನಿಗೆ ಎರಡು ತಟ್ಟೆ ಅನ್ನುತ್ತಾರೆ ಅತ್ತೆ. ಅದಕ್ಕೆ ರೇಸಿನ ಗಾಡಿಗೆ ಲಿಮಿಟೆಡ್ ಸ್ಲಿಪ್ ಅನ್ನುವ ಬಿಗಿ ಡಿಫರೆನ್ಶಿಯಲ್ ಹಾಕುತ್ತಾರೆ. ಸೋಮಾರಿಯ ಕಿವಿ ಹಿಂಡಿ ದುಡಿಯುವವನಿಗೆ ಪಾಲು ಕೊಡಿಸುವಂಥದ್ದು.

ಅದರಲ್ಲಿ ಎರಡು ಜಾತಿ. ಒಂದರೊಳಗೆ ಬರೀ ಗೇರುಗಳು. ಮೃದು ಸ್ವಭಾವ, ಸ್ಟೀರಿಂಗಿಗೆ ತೊಂದರೆ ಕೊಡುವುದಿಲ್ಲ. ಆದರೆ ಒಳಗಿನ ಚಕ್ರ ಪೂರ್ತಿ ನೆಲ ಬಿಟ್ಟು ಎದ್ದರೆ ಅದು ಕೈಚೆಲ್ಲಿ ಕೂರುತ್ತದೆ. ಇನ್ನೊಂದರೊಳಗೆ ಒತ್ತಿ ಜೋಡಿಸಿದ ಪ್ಲೇಟುಗಳು. ಚಕ್ರ ಗಾಳಿಯಲ್ಲಿದ್ದರೂ ಅದು ಹಿಡಿದದ್ದನ್ನು ಬಿಡುವುದಿಲ್ಲ. ಆದರೆ ನಮ್ಮ ಗಾಡಿಯಲ್ಲಿ ಎಳೆಯುವ ಚಕ್ರಗಳೇ ತಿರುಗಿಸುವ ಚಕ್ರಗಳು ಕೂಡ. ಒಳಗಿನ ಜಗಳವೆಲ್ಲ ಸ್ಟೀರಿಂಗಿನಿಂದ ನೇರ ಓಡಿಸುವವಳ ಮಣಿಕಟ್ಟಿಗೆ ಬರುತ್ತದೆ.

ಯಾವುದು ಬೇಕು ಅಂತ ಆರಿಸಲು ಮಾವನದು ಒಂದು ವಿಚಿತ್ರ ಕ್ರಮ. ಒಳಗೆ ಯಾವುದನ್ನು ಹಾಕಿದ್ದಾರೆ ಅಂತ ಓಡಿಸುವವರಿಗೆ ಹೇಳುವುದಿಲ್ಲ. ಒಂದನೇ ನಂಬರ್, ಎರಡನೇ ನಂಬರ್, ಅಷ್ಟೇ. ಬಿಡಿಭಾಗ ಹೊರಗೆ ತರುವಾಗ ನನ್ನನ್ನು ಮೇಲೆ ಕಳಿಸಿ ಬಾಗಿಲು ಹಾಕಿಸಿದರು. ‘ಹೆಸರು ಗೊತ್ತಾದ್ರೆ ತಲೆ ಮಾತಾಡುತ್ತಮ್ಮ. ನನಗೆ ತಲೆ ಮಾತು ಬೇಡ, ಕೈ ಮಾತು ಬೇಕು. ಕೈಗೆ ಸುಳ್ಳು ಬರಲ್ಲ’ ಅಂದರು.

ಸೋಮವಾರ ರೇಸಿನ ಟ್ರ್ಯಾಕಿನಲ್ಲಿ ಒಂದನೇ ನಂಬರ್. ಮೊದಲ ತಿರುವಿನಲ್ಲೇ ಗೊತ್ತಾಯಿತು, ಪ್ಲೇಟಿನದು ಅಂತ. ಆಕ್ಸಿಲರೇಟರ್ ಒತ್ತಿದ್ದೇ ತಡ ಗಾಡಿಯ ಮೂತಿಯನ್ನು ಯಾರೋ ಹಗ್ಗ ಹಾಕಿ ತಿರುವಿನೊಳಗೆ ಎಳೆದುಕೊಂಡ ಹಾಗಾಯಿತು. ಎಷ್ಟು ಚೆಂದ ಓಡಿತು ಅಂತೀಯ! ಜೊತೆಗೇ ಸ್ಟೀರಿಂಗ್ ನನ್ನ ಕೈ ತಿರುಚಿತು. ಮಂಗಳವಾರ ಎರಡನೇ ನಂಬರ್. ಬೆಣ್ಣೆ. ಆದರೆ ಗೋಡೆಯ ಹತ್ತಿರದ ಇಕ್ಕಟ್ಟಿನ ತಿರುವಿನಲ್ಲಿ ಒಳ ಅಂಚಿನ ಎತ್ತರದ ಪಟ್ಟಿಯನ್ನು ಹತ್ತಿದರೆ ಒಳಗಿನ ಚಕ್ರ ಮೇಲೆದ್ದು, ಎಂಜಿನ್ ಕಿರುಚುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲಿನ ಪೆಡಲ್ ತುಳಿದ ಹಾಗೆ.

ಇಳಿದ ಮೇಲೆ ಮಾವ, ‘ಕೈ ಏನಂತಮ್ಮ?’ ಅಂತ ಕೇಳಿದರು. ಎರಡನೆಯದೇ ಸರಿ, ಒಂದನೆಯದರಲ್ಲಿ ಗಾಡಿ ಹತೋಟಿಗೆ ಬರುವುದಿಲ್ಲ ಅಂದೆ. ಅವರು ವಾಚ್ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ವಾಚ್ ನೋಡಿದರು. ಒಂದನೇ ನಂಬರಿನಲ್ಲಿ ಪ್ರತಿ ಸುತ್ತೂ ಬೇಗ ಮುಗಿದಿತ್ತು. ‘ವಾಚ್ ಒಂದು ಹೇಳುತ್ತೆ, ಸೊಸೆ ಒಂದು ಹೇಳ್ತಾಳೆ’ ಅಂತ ಗೊಣಗಿದರು. ಆಗ ನಮ್ಮ ಸಾಹೇಬರು ಮಧ್ಯೆ ಬಾಯಿ ಹಾಕಿ, ‘ಭಾನುವಾರ ಓಡಿಸೋದು ವಾಚ್ ಅಲ್ಲಪ್ಪ, ಅವಳು. ಅವಳ ಕೈ ಮಾತು ಕೇಳ್ತೀನಿ ಅಂದೋರು ನೀವೇ ಅಲ್ವಾ?’ ಅಂದರು. ಮಾವ ಸ್ಪ್ಯಾನರ್ ಕೆಳಗಿಟ್ಟು ಒಳಗೆ ಹೋದರು. ಅಪ್ಪ ಮಗ ಮಾತು ಬಿಟ್ಟು ಇದು ಮೂರನೇ ದಿನ. ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು. ‘ಇಬ್ಬರಿಗೂ ಬೇರೆ ಬೇರೆ ಬಡಿಸೋಕೆ ನಾನೇನು ಹೋಟೆಲ್ ಇಟ್ಟಿದ್ದೀನಾ?’ ಅಂತ ಅತ್ತೆ ಪಾತ್ರೆ ಕುಕ್ಕುತ್ತಾರೆ. ಹುಟ್ಟಿದಾಗಿನಿಂದ ಅಪ್ಪನಿಗೆ ಎದುರಾಡದ ಹುಡುಗ ನನ್ನ ಒಂದು ಮಾತಿಗಾಗಿ ಎದುರಾಡಿದ. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ.

ನಿನ್ನೆಯದು ಕೇಳು. ಎರಡನೇ ನಂಬರಿನಲ್ಲೇ ಮತ್ತೆ ಅಭ್ಯಾಸಕ್ಕೆ ಹೋದೆ. ಅದೇ ಇಕ್ಕಟ್ಟಿನ ತಿರುವು. ಚಕ್ರ ಎದ್ದಿತು, ಎಂಜಿನ್ ಕಿರುಚಿತು, ನಾನು ಗಾಬರಿಯಲ್ಲಿ ಕಾಲು ತೆಗೆಯಲಿಲ್ಲ. ಅದೇ ವೇಗದಲ್ಲಿ ಚಕ್ರ ಪಟಾರನೆ ನೆಲಕ್ಕೆ ಬಡಿದು ಕಚ್ಚಿಕೊಂಡಿತು. ಸ್ಟೀರಿಂಗ್ ಚಾಟಿಯ ಹಾಗೆ ತಿರುಗಿತು. ನನ್ನ ಬಲಗೈ ಬಿಟ್ಟುಹೋಯಿತು. ಬಿಟ್ಟದ್ದಲ್ಲ ಅಕ್ಕಾ, ಬಿಟ್ಟುಹೋಯಿತು. ಟೈರು ಪೇರಿಸಿದ ಗೋಡೆ ಎದುರಿಗೇ ಬಂತು, ಒಂದು ತೋಳಿನಷ್ಟು ದೂರದಲ್ಲಿ ಗಾಡಿ ನಿಂತಿತು.

ಓಡಿ ಬಂದು ಏನಾಯಿತು ಅಂತ ಕೇಳಿದವರಿಗೆ, ತಿರುವಿನಲ್ಲಿ ಕಲ್ಲಿತ್ತು, ಚಕ್ರ ಅದರ ಮೇಲೆ ಹತ್ತಿತು ಅಂದೆ. ಕಲ್ಲಿರಲಿಲ್ಲ. ಇವನು ಮಾತ್ರ ಒಬ್ಬನೇ ತಿರುವಿಗೆ ಹೋಗಿ ಬಗ್ಗಿ ಬಗ್ಗಿ ಹುಡುಕಿದ, ಆ ಬಿಸಿಲಲ್ಲಿ. ಕೊನೆಗೆ ಮುಷ್ಟಿ ಗಾತ್ರದ್ದೊಂದನ್ನು ತಂದು, ಮಾತು ಬಿಟ್ಟಿದ್ದ ಅಪ್ಪನ ಮುಂದೆಯೇ ಹಿಡಿದು, ‘ಇದೇ ನೋಡಿ’ ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಕಲ್ಲು ಈಗ ನಮ್ಮ ಕಿಟಕಿಯಲ್ಲಿದೆ.

ನಿಜ ಏನು ಅಂತ ಗೊತ್ತಿರುವವಳು ನೀನೊಬ್ಬಳೇ. ಎರಡು ವರ್ಷದ ಹಿಂದೆ ಕಾರ್ಟ್ ಅನ್ನುವ ಆ ಪುಟಾಣಿ ರೇಸಿನ ಗಾಡಿ ಓಡಿಸುವಾಗ ಉರುಳಿ ನನ್ನ ಬಲ ಮಣಿಕಟ್ಟು ಮುರಿದದ್ದು, ಅಪ್ಪ ಅಮ್ಮನಿಗೆ ತಿಳಿಯದ ಹಾಗೆ ನಿನ್ನ ಮನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕೂತದ್ದು. ದಿನದ ಕೆಲಸಕ್ಕೆ ಅಡ್ಡಿಯಿಲ್ಲ, ಜೋರಾಗಿ ತಿರುಚಿದರೆ ಮಾತ್ರ ತಡೆಯುವುದಿಲ್ಲ ಅಂದಿದ್ದರಲ್ಲ ಡಾಕ್ಟರು. ಇಲ್ಲಿ ಯಾರಿಗೂ ಹೇಳಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಮುದ್ದು ಮಾಡಿ ಅವನಿಗೇ ಕೊಡುತ್ತೇನೆ. ಅವನ ಬಲಕ್ಕೇ ನಡೆಯುತ್ತೇನೆ, ಆ ಕೈಯನ್ನು ಅವನು ಹಿಡಿಯದಿರಲಿ ಅಂತ.

ಇಲ್ಲಿ ಪೆನ್ನು ನಿಂತಿತು, ಅಕ್ಕಾ. ತುಂಬಾ ಹೊತ್ತು ನಿಂತಿತು. ಈಗ ಮತ್ತೆ ಹೊರಟಿದೆ. ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಗಾಡಿಗೆ ಸರಿಯಾದದ್ದು ಒಂದನೇ ನಂಬರ್. ಮಾವ ಸರಿ, ವಾಚ್ ಸರಿ. ಗಟ್ಟಿ ಕೈ ಇರುವ ಯಾರೇ ಓಡಿಸಿದರೂ ಅದನ್ನೇ ಆರಿಸುತ್ತಿದ್ದರು. ಅವರು ಕೇಳಿದ್ದು ಗಾಡಿಗೆ ಯಾವುದು ಒಳ್ಳೆಯದು ಅಂತ. ನಾನು ಹೇಳಿದ್ದು ನನಗೆ ಯಾವುದು ನೋಯುವುದಿಲ್ಲ ಅಂತ. ಈಗ ಎರಡನೆಯದರ ಮೇಲೂ ಭರವಸೆಯಿಲ್ಲ, ನಿನ್ನೆ ನೋಡಿದೆನಲ್ಲ. ಬಾಯಿ ಬಿಟ್ಟರೆ ಸೀಟು ಹೋಗುತ್ತದೆ. ಆ ಸೀಟು ನನಗೆ ಎಷ್ಟು ಇಷ್ಟ ಅಂತ ನಿನಗೆ ಗೊತ್ತು, ಹೆಲ್ಮೆಟ್ ಹಾಕಿದಾಗ ಮಾತ್ರ ನನ್ನ ಬಾಯಿ ಮುಚ್ಚಿರುತ್ತದೆ ಅಂತ ನೀನೇ ಆಡಿಕೊಳ್ಳುತ್ತೀಯ. ಸುಮ್ಮನಿದ್ದರೆ ಭಾನುವಾರ ಆ ಗೋಡೆ ಒಂದು ತೋಳಿನ ದೂರದಲ್ಲೇ ನಿಲ್ಲುತ್ತದೆ ಅಂತ ಏನು ಖಾತ್ರಿ? ನನ್ನ ಪಕ್ಕದಲ್ಲಿ ಇನ್ನೊಂದು ಗಾಡಿ ಇದ್ದರೆ?

ಸೀಟು ಹೋಗಲಿ ಅಕ್ಕಾ, ಅತ್ತು ಸುಮ್ಮನಾಗುತ್ತೇನೆ. ಆದರೆ ಅವನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ಮೂರು ದಿನದಿಂದ ಬರಲಿಲ್ಲ. ಬಾಯಿ ತೆರೆದರೆ ನಗು ಬರುತ್ತದೆ, ಮುದ್ದು ಮಾತು ಬರುತ್ತದೆ, ಇದು ಬರುವುದಿಲ್ಲ. ನಿನಗೆ ಹೇಳುವುದು ಸುಲಭ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಅವನು ಇನ್ನು ನನ್ನ ಯಾವ ಮಾತನ್ನಾದರೂ ನಂಬುತ್ತಾನಾ? ನೀನಾಗಿದ್ದರೆ ನಂಬುತ್ತಿದ್ದೆಯಾ?

ಸಾಕು, ಇನ್ನು ಆಗುವುದಿಲ್ಲ.

ನಿನ್ನ ಬಾಯಿಬಡುಕಿ,
ತಂಗಿ

ಮರೆತ ಮಾತು: ಅಕ್ಕನವರಿಗೆ ನಮಸ್ಕಾರಗಳು. ಇಲ್ಲಿಯವರೆಗೆ ಬರೆದವನು ನಾನು, ನಿಮ್ಮ ತಂಗಿಯ ಗಂಡ. ನಿನ್ನೆ ಸಂಜೆಯಿಂದ ಅವಳ ಬಲಗೈ ಊದಿಕೊಂಡಿದೆ. ಬಾಗಿಲ ಸಂದಿಗೆ ಸಿಕ್ಕಿತು ಎಂದಿದ್ದಳು. ಈ ವಾರದ ಪತ್ರ ತಪ್ಪಬಾರದೆಂದು, ನೀನು ಹೇಳು ನಾನು ಬರೆಯುತ್ತೇನೆ ಎಂದು ಕೂತೆ. ನಾನು ಕನ್ನಡ ಶಾಲೆಯವನು, ಕಾಗುಣಿತದ ಪಂಥ ಅವಳು ಕಟ್ಟಿದ್ದು ಆ ಧೈರ್ಯದಲ್ಲಿ. ಅವಳು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಟ್ಟಿಲ್ಲ, ಸಾಹೇಬರು ಎಂಬುದನ್ನೂ ಬರೆದಿದ್ದೇನೆ.

ಒಂದನ್ನು ಮಾತ್ರ ತಿದ್ದಬೇಕು. ಆ ಕಲ್ಲು ತಿರುವಿನಲ್ಲಿ ಸಿಕ್ಕಿದ್ದಲ್ಲ. ಅಲ್ಲಿ ಎಷ್ಟು ಹುಡುಕಿದರೂ ಇರಲಿಲ್ಲ. ಗೇಟಿನ ಹತ್ತಿರ ಬಿದ್ದಿದ್ದನ್ನು ಆರಿಸಿ ತಂದೆ, ಅಪ್ಪ ಅವಳ ಮಾತು ನಂಬಲಿ ಎಂದು. ಏನೋ ಇದೆ, ತಾನಾಗಿ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಕಾದದ್ದು ತಪ್ಪು, ನಿನ್ನೆಯೇ ಕೇಳಬೇಕಿತ್ತು.

ಕೆಳಗೆ ಅಪ್ಪ ಒಬ್ಬರೇ ಗಾಡಿಯ ಪಕ್ಕ ಕೂತಿದ್ದಾರೆ. ಇವತ್ತೇ ಬಿಚ್ಚಲು ಶುರು ಮಾಡಿದರೆ ಬೆಳಗಾಗುವುದರೊಳಗೆ ಒಂದನೇ ನಂಬರ್ ಕೂರಿಸಬಹುದು, ಓಡಿಸುವವರ ಹೆಸರನ್ನೂ ಬದಲಿಸಬಹುದು. ಅದಕ್ಕೆ ಮೊದಲು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಅದಕ್ಕೂ ಮೊದಲು ಇಬ್ಬರೂ ಹೋಗಿ ಅಪ್ಪನಿಗೆ ಹೇಳಬೇಕು. ಅವಳು ಕೇಳಿದ ಪ್ರಶ್ನೆಗೆ ನೀವು ಉತ್ತರ ಬರೆಯುವುದು ಬೇಡ, ನಾನೇ ಕೊಟ್ಟಿದ್ದೇನೆ. ಮೆಟ್ಟಿಲ ಹತ್ತಿರ ನನಗಾಗಿ ಕಾಯುತ್ತಿದ್ದಾಳೆ. ಇವತ್ತು ನನ್ನ ಎಡಗಡೆಗೆ ನಿಂತಿದ್ದಾಳೆ, ಆ ಬಲಗೈ ನನ್ನ ಕಡೆಗಿದೆ.